ಕೆರೆಯ ಸುತ್ತ ಒಂದು ರೌಂಡು

ಮಲ್ಲತ್ತಹಳ್ಳಿ ಕೆರೆಯ ದಂಡೆಯಲ್ಲಿ ಬೆಳಗಿನ ವಾಕಿಂಗಿಗೆ ಬರುವವರ ಮಾತಿನಲ್ಲಿ ‘ರೌಂಡ್’ ಎಂಬುದು ನಾಮಪದ, ಎಂದರೆ ವಸ್ತುವನ್ನೋ ಸಂಗತಿಯನ್ನೋ ಹೆಸರಿಸುವ ಪದ. ‘ಎರಡು ರೌಂಡಾಯ್ತು, ಇನ್ನೊಂದು ರೌಂಡ್ ಹೊಡೆದುಬಿಡೋಣ’ ಎನ್ನುವಾಗ ಅದು ಎಣಿಕೆಗೆ ಸಿಗುತ್ತದೆ. ಕ್ರಿಯೆಯ ಭಾರವನ್ನೆಲ್ಲ ಹೊರುವುದು ‘ಹೊಡೆ’ ಎಂಬ ಕನ್ನಡದ ಧಾತು. ಪತ್ರಿಕೆಗಳು ‘ಕ್ಲಿಕ್ಕಿಸು’ ಎಂಬಂಥ ರೂಪವನ್ನು ಬಳಕೆಗೆ ತಂದಿವೆಯಾದರೂ ‘ರೌಂಡಿಸು’ ಎಂದು ಯಾರೂ ಅನ್ನುವುದಿಲ್ಲ.

ಲ್ಯಾಟಿನ್ನಿನಿಂದ ಫ್ರೆಂಚಿನ ಮೂಲಕ ಇಂಗ್ಲಿಷಿಗೆ ಬಂದ ಈ ಪದ ಅಲ್ಲಿ ಇಷ್ಟಕ್ಕೇ ನಿಲ್ಲುವುದಿಲ್ಲ. ‘ಎ ರೌಂಡ್ ಆಫ್ ಟಾಕ್ಸ್’ ಎಂಬಲ್ಲಿ ಅದು ನಾಮಪದ. ‘ದಿ ಬಸ್ ರೌಂಡೆಡ್ ದಿ ಕಾರ್ನರ್’ ಎಂಬಲ್ಲಿ ಭೂತಕಾಲದ ಪ್ರತ್ಯಯ ಹೊತ್ತ ಕ್ರಿಯಾಪದ. ‘ಎ ರೌಂಡ್ ಟೇಬಲ್’ ಎಂಬಲ್ಲಿ ಮೇಜಿನ ಆಕಾರ ಹೇಳುವ ಗುಣವಾಚಕ. ‘ಶಿ ಟರ್ನ್ಡ್ ರೌಂಡ್’ ಎಂಬಲ್ಲಿ ತಿರುಗಿದ ದಿಕ್ಕನ್ನು ತಿಳಿಸುವ ಕ್ರಿಯಾವಿಶೇಷಣ. ಪದ ಯಾವ ವರ್ಗಕ್ಕೆ ಸೇರಿತೆಂಬುದನ್ನು ವಾಕ್ಯದಲ್ಲಿ ಅದು ನಿಂತ ಜಾಗವೇ ಬಹುಮಟ್ಟಿಗೆ ತೀರ್ಮಾನಿಸುವುದರಿಂದ, ಬಿಡಿ ಪದಗಳ ಪಟ್ಟಿ ಕೊಟ್ಟು ‘ಇವು ಯಾವ ವರ್ಗ’ ಎಂದು ಮಕ್ಕಳನ್ನು ಕೇಳುವುದು ನ್ಯಾಯವಲ್ಲ. ಕೊನೆಯಲ್ಲಿ ‘ಲಿ’ ಬಂದರೆ ಕ್ರಿಯಾವಿಶೇಷಣವೆಂಬ ಸೂತ್ರವೂ ಕೈಕೊಡುತ್ತದೆ: ‘ಫ್ರೆಂಡ್ಲಿ’ ಗುಣವಾಚಕ, ‘ರನ್ ಫಾಸ್ಟ್’ ಎಂಬಲ್ಲಿನ ‘ಫಾಸ್ಟ್’ ಯಾವ ಬಾಲವೂ ಇಲ್ಲದೆ ಕ್ರಿಯಾವಿಶೇಷಣ.

ಕನ್ನಡದ ಮಗು ಬಾಲ ಹುಡುಕುವುದು ಸಹಜ, ಏಕೆಂದರೆ ಅದರ ನುಡಿ ಪ್ರತ್ಯಯಗಳ ನುಡಿ. ‘ರೌಂಡ್’ಗೆ ಸಾಟಿಯಾದ ‘ಸುತ್ತು’ ಎಂಬ ಪದವನ್ನೇ ನೋಡಬಹುದು. ‘ಹಗ್ಗ ಸುತ್ತು’ ಎಂದಾಗ ಅದು ಕ್ರಿಯಾಪದ, ‘ಒಂದು ಸುತ್ತು ಮುಗಿಯಿತು’ ಎಂದಾಗ ನಾಮಪದ. ರೂಪ ಎರಡೂ ಕಡೆ ಒಂದೇ. ಆದರೆ ‘ಸುತ್ತುಗಳು’, ‘ಸುತ್ತಿಗೆ’ ಎಂದು ಬಹುವಚನವೋ ವಿಭಕ್ತಿಯೋ ಹತ್ತಿದೊಡನೆ, ಇಲ್ಲವೇ ‘ಸುತ್ತಿದರು’, ‘ಸುತ್ತುತ್ತಾರೆ’ ಎಂದು ಕಾಲ ಹತ್ತಿದೊಡನೆ ದಾರಿಗಳು ಬೇರೆಯಾಗುತ್ತವೆ. ತಲೆಸುತ್ತು ಬಂತೆನ್ನುವವನಿಗೂ ತಲೆ ಸುತ್ತುತ್ತಿದೆ ಎನ್ನುವವನಿಗೂ ಇರುವ ತೊಂದರೆ ಒಂದೇ, ವ್ಯಾಕರಣ ಮಾತ್ರ ಬೇರೆ.

ಗುಣವಾಚಕದ ವಿಷಯ ಇನ್ನೂ ಸೂಕ್ಷ್ಮವಾದದ್ದು. 13ನೆಯ ಶತಮಾನದ ಕೇಶಿರಾಜ ‘ಶಬ್ದಮಣಿದರ್ಪಣ’ದಲ್ಲಿ ನಾಮ, ಆಖ್ಯಾತ (ಎಂದರೆ ಕ್ರಿಯಾಪದ), ಧಾತು, ಅವ್ಯಯಗಳಿಗೆ ಬೇರೆಬೇರೆ ಪ್ರಕರಣಗಳನ್ನು ಮೀಸಲಿಟ್ಟನೇ ಹೊರತು ಗುಣವಾಚಕಕ್ಕೆಂದು ಒಂದು ಪ್ರಕರಣವನ್ನು ಬರೆಯಲಿಲ್ಲ. ಆಡುಮಾತಿನ ‘ರೌಂಡಾಗಿ ಕಟ್ ಮಾಡು’, ‘ರೌಂಡಾದ ತಟ್ಟೆ’ ಎಂಬ ಪ್ರಯೋಗಗಳನ್ನು ಬಿಡಿಸಿದರೆ ಎರಡರಲ್ಲೂ ‘ಆಗು’ ಎಂಬ ಕ್ರಿಯೆಯೇ ಅಡಗಿದೆ: ‘ಆಗಿ’ ಸೇರಿದರೆ ಕ್ರಿಯಾವಿಶೇಷಣ, ‘ಆದ’ ಸೇರಿದರೆ ಗುಣವಾಚಕ. ಪರಭಾಷೆಯ ಪದ ಬಾಗಿಲಿಗೆ ಬಂದಾಗ ಕನ್ನಡ ಅದಕ್ಕೆ ತನ್ನದೇ ಪ್ರತ್ಯಯ ತೊಡಿಸಿ ಒಳಗೆ ಕರೆದುಕೊಳ್ಳುವ ಈ ರೀತಿ ವ್ಯಾಕರಣದ ಪಾಠಕ್ಕೆ ಎಷ್ಟೋ ಒಳ್ಳೆಯ ಮೊದಲ ಪುಟವಾದೀತು.

ಮತ್ತೆ ಇಂಗ್ಲಿಷಿಗೆ ಬಂದರೆ, ‘ವಾಕ್ ರೌಂಡ್ ದಿ ಲೇಕ್’ ಎಂಬಲ್ಲಿ ‘ರೌಂಡ್’ ಮೇಲೆ ಕಂಡ ನಾಲ್ಕನ್ನೂ ಬಿಟ್ಟು ಐದನೆಯ ವರ್ಗಕ್ಕೆ ಸೇರುತ್ತದೆ. ತನ್ನ ಮುಂದಿನ ನಾಮಪದವನ್ನು ಕ್ರಿಯೆಗೆ ಜೋಡಿಸುವ ಇಂಥ ಪದವನ್ನು ಪ್ರಿಪೊಸಿಷನ್ ಎಂದೂ ಉಪಸರ್ಗವೆಂದೂ ಕರೆಯುತ್ತಾರೆ. ‘ಲುಕ್ ರೌಂಡ್’ ಎಂದು ಅಲ್ಲಿಗೇ ನಿಲ್ಲಿಸಿದರೆ ಅದು ಮತ್ತೆ ಕ್ರಿಯಾವಿಶೇಷಣ. ಕನ್ನಡದಲ್ಲಿಯೂ ಹಾಗೆಯೇ, ಪದಗಳ ಸರದಿ ಮಾತ್ರ ಹಿಂದುಮುಂದು: ‘ಕೆರೆಯ ಸುತ್ತ ನೋಡು’ ಎಂಬಲ್ಲಿ ‘ಸುತ್ತ’ ಕೆರೆಗೆ ಅಂಟಿಕೊಂಡಿದೆ, ಬರಿದೆ ‘ಸುತ್ತ ನೋಡು’ ಎಂದಾಗ ನೋಟಕ್ಕೆ.