ಗಾಡಿ ಚರಿತ್ರೆ, ಕಂತು 4: ಸ್ಕ್ಯಾನರ್ ಚುಚ್ಚಿದ್ರೂ ಬಾಯಿ ಬಿಡದ ಸಾಕೆಟ್

ಮೊದಲ ಫೋಟೋ ನೋಡಿ. ಸ್ಟೇರಿಂಗ್ ಕೆಳಗೆ, ಮೊಣಕಾಲಿನ ಹತ್ರ ಇರೋ 16 ಪಿನ್ನಿನ ಸಾಕೆಟ್. ಇದೇ ಓಬಿಡಿ ಪೋರ್ಟ್. ಸ್ಕ್ಯಾನರ್ ಹಾಕಿದಾಗ 'ಲಿಂಕ್ ಎರರ್' ಬಂದ್ರೆ ಎಷ್ಟೋ ಕಡೆ "ಇಸಿಯು ಹೋಗಿದೆ, ಬದಲಾಯಿಸ್ಬೇಕು" ಅಂತ ಹೇಳಿಬಿಡ್ತಾರೆ. ಸಾವಿರಾರು ರೂಪಾಯಿಯ ಮಾತು ಅದು. ಈ ಸಾಕೆಟ್ ಹುಟ್ಟಿದ ಕಥೆ ಗೊತ್ತಿದ್ದವರು ಅಷ್ಟು ಬೇಗ ಹಾಗೆ ಹೇಳಲ್ಲ.

ಕಥೆ ಶುರುವಾಗೋದು ಹೊಗೆಯಿಂದ. 1943ರಲ್ಲಿ ಲಾಸ್ ಏಂಜಲೀಸ್ ಮೇಲೆ ಕಣ್ಣುರಿಸೋ ಮಬ್ಬು ಕವಿಯಿತು. ಯುದ್ಧದ ಕಾಲ ಬೇರೆ, ಶತ್ರುಗಳು ವಿಷಾನಿಲ ಬಿಟ್ಟಿದ್ದಾರೆ ಅಂತಲೂ ಜನ ಹೆದರಿದ್ರು. ಕ್ಯಾಲ್ಟೆಕ್‌ನ ರಸಾಯನ ವಿಜ್ಞಾನಿ ಹಾಗನ್-ಸ್ಮಿತ್ (ಅನಾನಸಿನ ಪರಿಮಳದ ಮೇಲೆ ಕೆಲಸ ಮಾಡ್ತಿದ್ದ ಮನುಷ್ಯ!) 1950ರ ದಶಕದ ಆರಂಭದಲ್ಲಿ ನಿಜವಾದ ಕಾರಣ ತೋರಿಸಿದ: ಕಾರಿನ ಹೊಗೆ, ಅದರ ಮೇಲೆ ಬಿಸಿಲು. 1967ರಲ್ಲಿ ಕ್ಯಾಲಿಫೋರ್ನಿಯಾ ಗಾಳಿಗಾಗಿಯೇ ಒಂದು ಮಂಡಳಿ ಮಾಡಿಕೊಂಡಿತು. ಕಾರು ತನ್ನ ಹೊಗೆ ನಿಯಂತ್ರಣದ ಭಾಗಗಳನ್ನ ತಾನೇ ಗಮನಿಸಿ, ಕೆಟ್ಟರೆ ಲೈಟ್ ಹಾಕಿ ಹೇಳಬೇಕು ಅನ್ನೋ ಆ ಮಂಡಳಿಯ ನಿಯಮ 1988ರ ಮಾಡೆಲ್‌ಗಳಿಂದ ಜಾರಿಗೆ ಬಂತು. ಅದು ಓಬಿಡಿ-1.

ಆಗ ಸಾಕೆಟ್ ಹೀಗೇ ಇರಬೇಕು ಅಂತ ಇರಲಿಲ್ಲ. ಒಂದೊಂದು ಕಂಪನಿಗೆ ಒಂದೊಂದು ಆಕಾರ. ಜನರಲ್ ಮೋಟರ್ಸ್ ಗಾಡಿಗಳ 12 ಪಿನ್ ಸಾಕೆಟ್‌ನಲ್ಲಿ ಎ, ಬಿ ಎರಡನ್ನ ಪೇಪರ್ ಕ್ಲಿಪ್ಪಿನಿಂದ ಸೇರಿಸಿದ್ರೆ ಚೆಕ್ ಇಂಜಿನ್ ಲೈಟ್ ಮಿನುಗ್ತಿತ್ತು. ಒಂದು ಸಲ, ಸ್ವಲ್ಪ ತಡೆದು ಎರಡು ಸಲ ಅಂದ್ರೆ ಕೋಡ್ 12. ಸ್ಕ್ಯಾನರೂ ಅದೇ, ಡಿಸ್‌ಪ್ಲೇನೂ ಅದೇ.

1996ರಿಂದ ಅಮೆರಿಕದಲ್ಲಿ ಮಾರೋ ಎಲ್ಲಾ ಹೊಸ ಕಾರಿಗೂ ಓಬಿಡಿ-2, ಎಲ್ಲದಕ್ಕೂ ಒಂದೇ ಸಾಕೆಟ್. ಆದ್ರೆ ಒಂದಾಗಿದ್ದು ಆಕಾರ ಮಾತ್ರ, ಭಾಷೆ ಅಲ್ಲ. ಫೋರ್ಡ್ 2 ಮತ್ತು 10ನೇ ಪಿನ್‌ನಲ್ಲಿ ಮಾತಾಡ್ತಿತ್ತು, ಜನರಲ್ ಮೋಟರ್ಸ್ 2ರಲ್ಲಿ ಮಾತ್ರ, ಯುರೋಪ್ ಮತ್ತು ಏಷ್ಯಾದ ಎಷ್ಟೋ ಗಾಡಿಗಳು 7ರಲ್ಲಿ. ಜರ್ಮನಿಯ ಬಾಷ್ 1986ರಲ್ಲಿ ಪರಿಚಯಿಸಿದ ಕ್ಯಾನ್‌ಗೆ 6 ಮತ್ತು 14 ಸಿಕ್ತು, ಅಮೆರಿಕದಲ್ಲಿ ಅದು ಕಡ್ಡಾಯ ಆಗಿದ್ದು 2008ರ ಮಾಡೆಲ್‌ಗಳಿಗೆ. ನಮ್ಮಲ್ಲಿ ಓಬಿಡಿ-1 ಬಂದಿದ್ದು 2010ರ ಏಪ್ರಿಲ್‌ನಲ್ಲಿ ಬಿಎಸ್-4 ಜೊತೆ, ಓಬಿಡಿ-2 ಬಂದಿದ್ದು 2013ರ ಏಪ್ರಿಲ್‌ನಲ್ಲಿ. ಅದಕ್ಕೇ ಹಳೇ ಗಾಡಿಯಲ್ಲಿ 16 ಪಿನ್ ಇದ್ರೂ ಅದು ಕಂಪನಿ ಭಾಷೆ ಮಾತ್ರ ಆಡ್ತಿರಬಹುದು. ಅಗ್ಗದ ಬ್ಲೂಟೂತ್ ಡಾಂಗಲ್‌ಗಳಲ್ಲಿ ಎಷ್ಟೋ ನಕಲಿ ಚಿಪ್‌ನವು, ಅವಕ್ಕೆ ಹಳೇ ಭಾಷೆಗಳು ಬರೋದೇ ಇಲ್ಲ. ಆದ್ದರಿಂದ ಮೊದಲು ಅದೇ ಸ್ಕ್ಯಾನರನ್ನ ಇನ್ನೊಂದು ಗಾಡಿಗೆ ಹಾಕಿ ನೋಡಿ.

ಇನ್ನು ಮಲ್ಟಿಮೀಟರ್ ತಗೊಳ್ಳಿ (3ನೇ ಫೋಟೋ). ಸ್ಕ್ಯಾನರ್ ಹೊತ್ತಿಕೊಳ್ಳೋದೇ ಇಲ್ವಾ? 16ನೇ ಪಿನ್‌ಗೂ 4ಕ್ಕೂ ನಡುವೆ ಸುಮಾರು 12 ವೋಲ್ಟ್ ಇರಬೇಕು, ಕೀ ಆಫ್ ಇದ್ರೂ. 16ಕ್ಕೂ 5ಕ್ಕೂ ಹಾಗೇ. ಇಲ್ಲ ಅಂದ್ರೆ ಫ್ಯೂಸ್ ನೋಡಿ. ಎಷ್ಟೋ ಕಾರಲ್ಲಿ ಈ ಪೋರ್ಟಿಗೂ ಸಿಗರೇಟ್ ಲೈಟರಿಗೂ ಒಂದೇ ಫ್ಯೂಸ್. ಕಳಪೆ ಮೊಬೈಲ್ ಚಾರ್ಜರ್ ಶಾರ್ಟ್ ಆದ್ರೆ, ಲೈಟರ್ ಗುಂಡಿಗೆ ಚಿಲ್ಲರೆ ಬಿದ್ರೆ, ಪೋರ್ಟೂ ಸತ್ತಂಗೆ. ಇದು ಕೆಲವು ರೂಪಾಯಿಯ ರಿಪೇರಿ.

ಸ್ಕ್ಯಾನರ್ ಹೊತ್ತಿಕೊಂಡು, ಕೀ ಆನ್ ಮಾಡಿದ್ರೂ ಮಾತು ಬರ್ತಿಲ್ಲ ಅಂದ್ರೆ ತಂತಿ ನೋಡಬೇಕು. ಕ್ಯಾನ್ ಗಾಡಿ ಆದ್ರೆ ಬ್ಯಾಟರಿ ಬಿಚ್ಚಿ 6ಕ್ಕೂ 14ಕ್ಕೂ ಓಮ್ ಅಳೀರಿ. ಎರಡು ತುದಿಯಲ್ಲೂ ಒಂದೊಂದು 120 ಓಮ್ ರೆಸಿಸ್ಟರ್ ಇರೋದ್ರಿಂದ ಸಾಮಾನ್ಯವಾಗಿ 60 ಬರಬೇಕು. 120 ಬಂದ್ರೆ ಒಂದು ತುದಿ ಕಡಿದುಹೋಗಿದೆ. ಸೊನ್ನೆ ಹತ್ರ ಬಂದ್ರೆ ಎರಡು ತಂತಿ ಒಂದಕ್ಕೊಂದು ತಾಗಿವೆ. ಆಮೇಲೆ ಹೊರಗಿಂದ ಹಾಕಿಸಿದ ಸ್ಟೀರಿಯೋ, ಅಲಾರಂ, ಜಿಪಿಎಸ್ ಒಂದೊಂದೇ ಬಿಚ್ಚಿ ನೋಡಿ. ಒಂದು ಕೆಟ್ಟ ಮಾಡ್ಯೂಲ್ ಇಡೀ ಲೈನಿನ ಬಾಯಿ ಮುಚ್ಚಿಸಬಲ್ಲದು. ಮೀಟರ್ ಕಡ್ಡಿಯನ್ನ ಪಿನ್ನೊಳಗೆ ಜೋರಾಗಿ ತುರುಕಬೇಡಿ, ಪಿನ್ ಅಗಲ ಆಗಿ ಹೊಸ ತೊಂದರೆ ಶುರುವಾಗತ್ತೆ. ಇನ್ನೊಂದು ಮಾತು: ಇಂಜಿನ್ ಸ್ಟಾರ್ಟ್ ಆಗಿ ಸರಿಯಾಗಿ ಓಡ್ತಿದೆ ಅಂದ್ಮೇಲೆ ಇಸಿಯು ಪೂರ್ತಿ ಹೋಗಿರೋಕೆ ಹೇಗೆ ಸಾಧ್ಯ? ಬದಲಾಯಿಸಿ ಅಂದವರನ್ನ ಇದೇ ಪ್ರಶ್ನೆ ಕೇಳಿ.

ಕೆಲವು ಹೊಸ ಗಾಡಿಗಳಲ್ಲಿ ಏನೂ ಕೆಟ್ಟಿರಲ್ಲ, ಬೇಕಂತಲೇ ತಡೆ ಹಾಕಿರ್ತಾರೆ. 2018ರ ಮಾಡೆಲ್‌ಗಳಿಂದ ಫಿಯಟ್ ಕ್ರೈಸ್ಲರ್ ಹಾಕಿದ ಸೆಕ್ಯುರಿಟಿ ಗೇಟ್‌ವೇ ಕೋಡ್ ಓದೋಕೆ ಬಿಡತ್ತೆ, ಅನುಮತಿ ಇಲ್ಲದ ಸ್ಕ್ಯಾನರಿಗೆ ಅಳಿಸೋಕೆ ಬಿಡಲ್ಲ. ಕಳ್ಳರಿಂದ, ಹ್ಯಾಕರ್‌ಗಳಿಂದ ಕಾಪಾಡೋಕೆ ಅನ್ನೋದು ಕಂಪನಿಗಳ ವಾದ, ಅದರಲ್ಲಿ ನಿಜಾನೂ ಇದೆ. ಆದ್ರೆ ಬೀದಿ ಬದಿಯ ಗ್ಯಾರೇಜಿನವರು ಏನು ಮಾಡ್ಬೇಕು? ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಈ ರಿಪೇರಿ ಹಕ್ಕಿನ ಬಗ್ಗೆ 2012ರಲ್ಲಿ ಜನ ನೇರವಾಗಿ ಮತ ಹಾಕಿ ಹೌದು ಅಂದ್ರು. 2020ರಲ್ಲಿ ಮತ್ತೆ ಹಾಕಿದ್ರು. ಆ ಸಲದ ವಿಷಯ ಸಾಕೆಟ್ಟೇ ಬೇಡದೆ, ಗಾಳಿಯಲ್ಲೇ ನೇರ ಕಂಪನಿಗೆ ಹೋಗೋ ಗಾಡಿಯ ಡೇಟಾ.