ಬಾಗಿಲಿಗೆ ಬಂದವರ ಭಾಷೆ

ಸ್ವಾಗತಕಾರರಿಗೆ ಬೇಕಾದ ಮೊದಲ ಕೌಶಲ ಯಾವುದು? 1878ರಲ್ಲಿ ಅಮೆರಿಕದ ಬಾಸ್ಟನ್ನಿನ ದೂರವಾಣಿ ಕೇಂದ್ರವೊಂದು ಒರಟು ಮಾತಿನ ಹುಡುಗರ ಬದಲು ಎಮ್ಮಾ ನಟ್ ಎಂಬ ಮಹಿಳೆಯನ್ನು ನೇಮಿಸಿತು. ಸೌಮ್ಯ ದನಿಯೇ ಅರ್ಹತೆಯಾಯಿತು. ಆದರೆ ದನಿ ಸೌಮ್ಯವಾದರೆ ಸಾಲದು, ಮಾತು ಅರ್ಥವಾಗಬೇಕು.

ನಮ್ಮ ಸಿಂಧನೂರು ತಾಲ್ಲೂಕಿನ ಜವಳಗೇರಾ 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿತ್ತು. ನಿಜಾಮರ ಕಾಲದಲ್ಲಿ ಕಚೇರಿಯ ಭಾಷೆ ಉರ್ದು. ಕನ್ನಡ ಮಾತ್ರ ಬಲ್ಲ ರೈತ ಅರ್ಜಿಗೂ ಇನ್ನೊಬ್ಬರನ್ನು ಆಶ್ರಯಿಸಬೇಕಿತ್ತು. ಮುಂದೆ ತುಂಗಭದ್ರಾ ಕಾಲುವೆಯ ನೀರನ್ನು ನಂಬಿ ತೆಲುಗು ರೈತರು ತಾಲ್ಲೂಕಿಗೆ ಬಂದರು. ಪುನರ್ವಸತಿ ಯೋಜನೆಯಲ್ಲಿ ಬಂಗಾಳಿ ಕುಟುಂಬಗಳು ನೆಲೆಸಿದವು.

ಟೈಪಿಂಗ್, ಕಂಪ್ಯೂಟರ್, ದೂರವಾಣಿ ಶಿಷ್ಟಾಚಾರವನ್ನು ತರಬೇತಿ ಕಲಿಸುತ್ತದೆ. ಆಸ್ಪತ್ರೆಯ ಬಾಗಿಲಿಗೆ ಬಂದವರನ್ನು ಕೂರಿಸಿ, ಅವರದೇ ಭಾಷೆಯ ನಾಲ್ಕು ಮಾತಿನಲ್ಲಿ ದಾರಿ ತೋರುವುದನ್ನು ಊರಿನವರಿಂದಲೇ ಕಲಿಯಬೇಕು.