ಔಷಧ ಚೀಟಿಯ ಹಿಂದಿನ ಊಹೆ: ರೋಗಿಯ ನಿರೀಕ್ಷೆ ಮತ್ತು ವೈದ್ಯರ ಗ್ರಹಿಕೆ

ಅನಗತ್ಯ ಔಷಧಗಳ ಮಾತು ಬಂದಾಗಲೆಲ್ಲ ವೈದ್ಯರು ಕೊಡುವ ಸಮಜಾಯಿಷಿ ಒಂದೇ: "ರೋಗಿಗಳೇ ಕೇಳುತ್ತಾರೆ, ಬರೆಯದಿದ್ದರೆ ಬೇರೆ ಕಡೆ ಹೋಗುತ್ತಾರೆ." ಈ ಮಾತು ಎಷ್ಟರಮಟ್ಟಿಗೆ ನಿಜವೆಂದು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಆಸ್ಟ್ರೇಲಿಯಾದ ನ್ಯೂಕ್ಯಾಸಲ್‌ನಲ್ಲಿ 22 ವೈದ್ಯರು ಹಾಗೂ ಅವರ 336 ರೋಗಿಗಳನ್ನು ಕುರಿತು ಕಾಕ್‌ಬರ್ನ್ ಮತ್ತು ಪಿಟ್ ನಡೆಸಿದ ಅಧ್ಯಯನ 1997ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಔಷಧ ನಿರೀಕ್ಷಿಸಿದ್ದವರಿಗೆ ಅದು ಸಿಗುವ ಸಂಭವ ಉಳಿದವರಿಗಿಂತ ಸುಮಾರು 3 ಪಟ್ಟು ಹೆಚ್ಚಿತ್ತು. ರೋಗಿ ನಿರೀಕ್ಷಿಸುತ್ತಿದ್ದಾನೆಂದು ವೈದ್ಯರು ಭಾವಿಸಿದ್ದಲ್ಲಿ ಅದು 10 ಪಟ್ಟು ಹೆಚ್ಚಿತ್ತು. ಅಂದರೆ, ಚೀಟಿಯನ್ನು ಬರೆಸುವುದರಲ್ಲಿ ರೋಗಿಯ ಬಯಕೆಗಿಂತ ಆ ಬಯಕೆಯ ಬಗೆಗಿನ ಊಹೆಯೇ ಬಲವಾದದ್ದು.

ಲಾಸ್ ಏಂಜಲೀಸ್‌ನ ಮಕ್ಕಳ ಕ್ಲಿನಿಕ್‌ಗಳಲ್ಲಿ ಮ್ಯಾಂಜಿಯೋನ್-ಸ್ಮಿತ್ ಮತ್ತು ಸಂಗಡಿಗರು ನಡೆಸಿದ ಅಧ್ಯಯನ (1999) ಇದನ್ನೇ ದೃಢಪಡಿಸುತ್ತದೆ. ವೈರಸ್ ಸೋಂಕೆಂದು ವೈದ್ಯರೇ ತೀರ್ಮಾನಿಸಿದ್ದ ಪ್ರಕರಣಗಳಲ್ಲೂ, ಪೋಷಕರಿಗೆ ಆಂಟಿಬಯೋಟಿಕ್ ಬೇಕಾಗಿದೆ ಎಂದು ವೈದ್ಯರಿಗೆ ಎನಿಸಿದಾಗ ಶೇ. 62ರಷ್ಟು, ಹಾಗೆನಿಸದಿದ್ದಾಗ ಶೇ. 7ರಷ್ಟು ಸಲ ಅದನ್ನು ಬರೆದಿದ್ದರು. ಆಂಟಿಬಯೋಟಿಕ್ ಸಿಗದದ್ದರಿಂದ ಪೋಷಕರ ಸಮಾಧಾನವೇನೂ ಕುಗ್ಗಲಿಲ್ಲ. ನಿರೀಕ್ಷಿಸಿದ ಮಾತುಕತೆ, ವಿವರಣೆ ಸಿಗದಿದ್ದಾಗ ಮಾತ್ರ ಕುಗ್ಗಿತು.

ಈ ಫಲಿತಾಂಶಗಳನ್ನು ನಮ್ಮಲ್ಲಿಗೆ ಹಾಗೆಯೇ ಅನ್ವಯಿಸಲಾಗದು. ಕರ್ನಾಟಕದ ಎಷ್ಟೋ ಸಣ್ಣ ಕ್ಲಿನಿಕ್‌ಗಳಲ್ಲಿ ಫೀಸು, ಮಾತ್ರೆ, ಇಂಜೆಕ್ಷನ್ ಎಲ್ಲವೂ ಒಂದೇ ಲೆಕ್ಕ. ಬರಿಗೈಯಲ್ಲಿ ಕಳಿಸಿ ಹಣ ಕೇಳಲು ವೈದ್ಯರಿಗೂ ಸಂಕೋಚ. "ಒಂದು ಸೂಜಿ ಹಾಕಿಬಿಡಿ, ನಾಳೆ ಕೆಲಸಕ್ಕೆ ಹೋಗಬೇಕು" ಎನ್ನುವ ಕೂಲಿಕಾರನ ಬೇಡಿಕೆ ಊಹೆಯಲ್ಲ, ನೇರವಾದದ್ದೇ. ಆದರೆ "ರಾತ್ರಿಯೆಲ್ಲ ಕೆಮ್ಮು ಡಾಕ್ಟ್ರೇ, ಮಗು ಮಲಗೇ ಇಲ್ಲ" ಎನ್ನುವ ತಾಯಿ ಔಷಧವನ್ನೇ ಕೇಳುತ್ತಿದ್ದಾಳೆ ಎನ್ನಲಾಗದು. ನ್ಯುಮೋನಿಯಾ ಇರಬಹುದೇ ಎಂಬ ಭಯವೂ ಆ ಮಾತಿನ ಹಿಂದಿರಬಹುದು. ಎದೆಗೆ ಸ್ಟೆತಾಸ್ಕೋಪ್ ಇಟ್ಟು ನೋಡಿ, ಶೀತದ ಕೆಮ್ಮು ಎರಡು ಮೂರು ವಾರ ಉಳಿಯಬಹುದೆಂದೂ ಉಸಿರಾಟ ವೇಗವಾದರೆ ತಡಮಾಡದೆ ಬರಬೇಕೆಂದೂ ಹೇಳುವುದೇ ಅಲ್ಲಿ ಚಿಕಿತ್ಸೆ.

ಆಂಟಿಬಯೋಟಿಕ್‌ಗಳ ಮಾರಾಟಕ್ಕೆ ಕಡಿವಾಣ ಹಾಕಲು 2014ರ ಮಾರ್ಚ್‌ನಿಂದ ಭಾರತದ ಔಷಧ ನಿಯಮಗಳಡಿ ಶೆಡ್ಯೂಲ್ ಎಚ್1 ಎಂಬ ಪಟ್ಟಿ ಜಾರಿಯಲ್ಲಿದೆ. ಅದರ ಹಿಡಿತ ಇರುವುದು ಔಷಧದಂಗಡಿಯ ಮೇಲೆ. ಚೀಟಿ ಬರೆಯುವ ಗಳಿಗೆ ಅದರ ವ್ಯಾಪ್ತಿಗೆ ಬರುವುದಿಲ್ಲ. ಆದ್ದರಿಂದ "ನಿಮಗೆ ಯಾವುದರ ಚಿಂತೆ?" ಎಂದು ಕೇಳುವುದು ವೈದ್ಯಕೀಯ ತರಬೇತಿಯಲ್ಲಿ ರೋಗಪರೀಕ್ಷೆಯಷ್ಟೇ ಕಡ್ಡಾಯ ಭಾಗವಾಗಬೇಕು. ಕೇಳದೆಯೇ ರೋಗಿಯ ಮೇಲೆ ಹೊರೆ ಹೊರಿಸುವುದಕ್ಕೆ ಈ ಅಧ್ಯಯನಗಳಲ್ಲಿ ಆಧಾರವಿಲ್ಲ.